ಜಪಾನಿ ಗಾರ್ಡನ್‌ಗೆ ಯಾವ ಗಿಡ ಹಾಕ್ಲಿ?

ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನೀವು ಜಪಾನಿನಲ್ಲಿದ್ದೀರಲ್ಲ, ಮನೆ ಮುಂದೆ ಜಪಾನಿ ಗಾರ್ಡನ್ ಮಾಡಿಸ್ಬೇಕು. ವರ್ಷವಿಡೀ ಹಸಿರಾಗಿರೋ ಗಿಡ ಯಾವುದು ಹಾಕ್ಲಿ?" ನಾನು ತಿರುಗಿ ಕೇಳುವುದು ಒಂದೇ: "ಕತ್ತರಿ ಹಿಡಿಯೋರು ಯಾರು?"

ತಮಾಷೆಗಲ್ಲ. ಇಲ್ಲಿ ಜಪಾನಿನಲ್ಲಿ ಎಲ್ಲರೂ ಫೋಟೊ ತೆಗೆಯುವುದು ಚೆರ್ರಿ ಹೂವನ್ನು, ಕೆಂಪಾದ ಮೇಪಲನ್ನು. ಜನವರಿಯಲ್ಲಿ ನೋಡಿ, ಅವೆರಡೂ ಬರೀ ಕಡ್ಡಿ. ಆಗ ತೋಟಕ್ಕೆ ಆಕಾರ ಉಳಿಯುವುದು ಎಲೆ ಉದುರಿಸದ ಮರಗಳಿಂದ. ಅವುಗಳಲ್ಲಿ ಯಜಮಾನ ಕುರೊಮಾತ್ಸು, ಅಂದರೆ ಕಪ್ಪು ಪೈನ್. ತಕಾಮಾತ್ಸುವಿನ ರಿತ್ಸುರಿನ್ ಉದ್ಯಾನದಲ್ಲಿ ಸುಮಾರು 1,400 ಪೈನ್ ಮರಗಳಿವೆ. ಅದರಲ್ಲಿ ಸಾವಿರದಷ್ಟನ್ನು ಕೈಯಿಂದಲೇ ಸವರುತ್ತಾರೆ.

ಸವರುವುದು ಅಂದರೆ ಸುಮ್ನೆ ಕತ್ತರಿ ಆಡಿಸುವುದಲ್ಲ. ವಸಂತದಲ್ಲಿ ಮೇಣದಬತ್ತಿಯ ಹಾಗೆ ಎದ್ದು ನಿಂತ ಚಿಗುರನ್ನು ಬೆರಳಿನಿಂದ ಚಿವುಟಬೇಕು. ಚಳಿಗಾಲದ ಹೊತ್ತಿಗೆ, ಒಳಗೆ ಬೆಳಕು ಬೀಳಲಿ ಅಂತ, ಒಂದೊಂದು ರೆಂಬೆಯಿಂದಲೂ ಹಳೆಯ ಸೂಜಿ ಎಲೆ ಕೀಳಬೇಕು. ಪಕ್ಕದ ಮನೆಯ ಅಜ್ಜನ ಜೊತೆ ಒಮ್ಮೆ ಕೂತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮುಗಿದದ್ದು ಎರಡು ಕೊಂಬೆ. ಅಂಟು ಮಾತ್ರ ಎರಡು ದಿನ ಬೆರಳು ಬಿಡಲಿಲ್ಲ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುವ ಬುದ್ಧಿ ಅವತ್ತು ಯಾಕೋ ಹೊಳೆಯಲೇ ಇಲ್ಲ.

ಎಲೆ ಉದುರಿಸದ ಮರಕ್ಕೆ ಇನ್ನೊಂದು ಕಷ್ಟ: ಹಿಮ ಅದರ ಮೇಲೆ ಕೂರುತ್ತದೆ, ಕೊಂಬೆ ಮುರಿಯುತ್ತದೆ. ಅದಕ್ಕೇ ಕನಜಾವಾದ ಕೆನ್ರೊಕುಯೆನ್ ಉದ್ಯಾನದಲ್ಲಿ ಪ್ರತಿ ನವೆಂಬರ್ 1ರಿಂದ ಮರದ ಪಕ್ಕ ಕಂಬ ನಿಲ್ಲಿಸಿ, ಅದರ ತುದಿಯಿಂದ ಕೊಡೆಕಡ್ಡಿಯ ಹಾಗೆ ಹಗ್ಗ ಇಳಿಸಿ ಕೊಂಬೆಗಳನ್ನು ಎತ್ತಿ ಕಟ್ಟುತ್ತಾರೆ.

ಪೈನ್ ಬಿಟ್ಟರೆ ನನಗಿಷ್ಟ ತ್ಸುಬಾಕಿ, ಅಂದರೆ ಕ್ಯಾಮೆಲಿಯಾ. ಚಹಾ ಗಿಡದ ದಾಯಾದಿ, ದಪ್ಪ ಹೊಳೆಯುವ ಎಲೆ. ಹೂ ಪಕಳೆ ಪಕಳೆಯಾಗಿ ಅಲ್ಲ, ಇಡಿಯಾಗಿ ಪಾಚಿಯ ಮೇಲೆ ಬೀಳುತ್ತದೆ. (ಆ ಪಾಚಿಯನ್ನು ಇಲ್ಲಿ ಮಗುವಿನ ಹಾಗೆ ಸಾಕುತ್ತಾರೆ. ನಾವು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತೇವೆ.) ಬಾಗಿಲ ಹತ್ತಿರ ನಾಂಟೆನ್ ಅನ್ನೋ ಪೊದೆಗಿಡ ಇಡುತ್ತಾರೆ. ಹೆಸರನ್ನು ಒಡೆದರೆ 'ಕಷ್ಟ ತಿರುಗಿಸು' ಎಂಬ ಅರ್ಥವೂ ಬರುತ್ತದೆ. ನಮ್ಮ ಬೂದುಗುಂಬಳದ ಕೆಲಸ, ಜೊತೆಗೆ ಚಳಿಗಾಲದಲ್ಲಿ ಕೆಂಪು ಹಣ್ಣು.

ಗುಂಡಗೆ ಸವರಿದ ಪೊದೆಗಳು ಜಾಸ್ತಿ ಸಾತ್ಸುಕಿ ಅಜೇಲಿಯಾ. ನಾನು ಒಂದನ್ನು ಕೆಡಿಸಿದ್ದೇನೆ. ಹೂ ಬಿಡುವುದು ಮೇ-ಜೂನ್‌ನಲ್ಲಿ. ಮುಂದಿನ ವರ್ಷದ ಮೊಗ್ಗು ಬೇಸಿಗೆಯಲ್ಲೇ ಕೂರುತ್ತದೆ. ಹಾಗಾಗಿ ಹೂ ಮುಗಿದ ತಕ್ಷಣ ಸವರಬೇಕು. ನಾನು ಸೆಪ್ಟೆಂಬರ್‌ನಲ್ಲಿ ಸವರಿದೆ. ಮರುವರ್ಷ ಒಂದು ಹೂವಿಲ್ಲ.

ಬೆಂಗಳೂರಿನಲ್ಲಿ ಕೇಳುವವರಿಗೆ ನನ್ನ ಉತ್ತರ ಪೋಡೋಕಾರ್ಪಸ್. ಇಲ್ಲಿ ಅದಕ್ಕೆ ಇನುಮಾಕಿ ಅನ್ನುತ್ತಾರೆ, ಗೇಟಿನ ಪಕ್ಕ ಪೈನ್ ಬದಲು ಅದನ್ನೇ ಬೆಳೆಸಿದ ಮನೆಗಳೂ ಇವೆ. ನಮ್ಮ ನರ್ಸರಿಗಳಲ್ಲೂ ಸಿಗುತ್ತದೆ, ನಿಧಾನ ಬೆಳೆಯುತ್ತದೆ, ಕತ್ತರಿ ತಡೆಯುತ್ತದೆ. ಒಂದೇ ಗಿಡ ಸಾಕು. ಬುಡಕ್ಕೆ ಮಾಂಡೊ ಹುಲ್ಲು, ಪಕ್ಕಕ್ಕೆ ಎರಡು ಕಲ್ಲು. ಪೈನ್ ಥರಾನೇ ಇದೆ ಅಂತ ನರ್ಸರಿಯವರು ಕ್ರಿಸ್ಮಸ್ ಟ್ರೀ ತೋರಿಸುತ್ತಾರೆ. ಅದು ಅರಾಕೇರಿಯಾ. ತುದಿ ಕತ್ತರಿಸಿದರೆ ಅದರ ಚೆಂದ ಹೋಯಿತು, ಬಿಟ್ಟರೆ ಮಹಡಿ ದಾಟುತ್ತದೆ. ಆಮೇಲೆ ನನಗೆ ಫೋನ್ ಮಾಡಬೇಡಿ.