ಪಾಲಾಗದ ನಾಗ

ಈ ಸಲ ನಾಗರಪಂಚಮಿಗೆ ಕಾಪು ಹತ್ತಿರದ ನಮ್ಮ ಕುಟುಂಬದ ಮೂಲನಾಗನ ಬನಕ್ಕೆ, ಅಂದರೆ ನಾಗನ ಕಲ್ಲಿರುವ ಮರಗಳ ತೋಪಿಗೆ, ಹೋಗಿದ್ದೆ. ಹೋಗದೆ ಏಳು ವರ್ಷವಾಗಿತ್ತು. ಜಡಿಮಳೆ. ಭಟ್ರು ಕಲ್ಲಿಗೆ ಹಾಲು, ಸೀಯಾಳ ಎರೆದು ತನು ಹಾಕುವಾಗ ಹಿಂಗಾರ (ಅಡಿಕೆ ಹೂ), ಅರಿಶಿನ, ಕೇದಗೆ ಎಲ್ಲ ಸೇರಿ ಒಂದು ಪರಿಮಳ ಬಂತು ನೋಡಿ, ಅಜ್ಜಿಯೇ ಪಕ್ಕದಲ್ಲಿ ನಿಂತ ಹಾಗಾಯಿತು. ಕಣ್ಣು ತುಂಬಿ ಬಂತು.

ಪಂಚಮಿಯ ದಿನ ಅಜ್ಜಿಯ ಕೈಗೆ ಅರಿಶಿನ ಎಲೆಯದೇ ವಾಸನೆ. ಬನದಿಂದ ಪ್ರಸಾದ ಬರುವ ತನಕ ಒಂದು ಗುಟುಕು ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಎಲೆ ಒರೆಸಿ, ಅರೆದ ಅಕ್ಕಿಹಿಟ್ಟನ್ನು ಮೂರು ಬೆರಳಲ್ಲಿ ತೆಳ್ಳಗೆ ಹಚ್ಚಿ, ಕಾಯಿಬೆಲ್ಲ ಇಟ್ಟು ಮಡಚುತ್ತಿದ್ದರು. ಬೆಂದ ಗಟ್ಟಿ, ಅಂದರೆ ಆ ಎಲೆಕಡುಬು, ಬಿಡಿಸಿದರೆ ಎಲೆಯ ಒಂದೊಂದು ನರವೂ ಹಿಟ್ಟಿನ ಮೇಲೆ ಅಚ್ಚಾಗಿರುತ್ತಿತ್ತು.

ಈ ಊರಿಗೆ ಮೊದಲು ಬಂದವರು ಯಾರು ಅಂತ ಕೇಳಿದರೆ ಅಜ್ಜಿ ಬನವನ್ನೇ ತೋರಿಸುತ್ತಿದ್ದರು. "ಕಾಡು ಕಡಿದು ಗದ್ದೆ ಮಾಡಿದವರು ಮೊದಲು ನಾಗನಿಗೆ ಜಾಗ ಬಿಟ್ಟರು ಮಗಾ. ಅವನದ್ದೇ ಜಾಗ ಅಲ್ವಾ. ಆಮೇಲೆ ಮನೆ." ಊರಿನ ಯಜಮಾನಿಕೆಯ ಗುತ್ತಿನ ಮನೆ, ಕಡಲ ಬದಿಯ ಮೊಗವೀರರ ಬೊಬ್ಬರ್ಯ ದೈವದ ಗುಡಿ, ಬಿಲ್ಲವರ ಗರಡಿಯೆಂಬ ಗುಡಿಯಲ್ಲಿ ಅವಳಿ ವೀರರಾದ ಕೋಟಿ ಚೆನ್ನಯರು. ಊರು ಕಟ್ಟಿದವರನ್ನು ನಾವು ಕಾಗದದಲ್ಲಿ ಹುಡುಕುವುದಿಲ್ಲ. ಭೂತಕೋಲದ ದಿನ ದೈವವೇ ಒಂದೊಂದು ಮನೆಯನ್ನು ಕರೆದು ಹೇಳುತ್ತದೆ.

ನಮ್ಮದು ಅಳಿಯಕಟ್ಟು. ಕುಟುಂಬ ಅಮ್ಮನ ಕಡೆಯಿಂದ, ನಾಗನೂ ಅಮ್ಮನ ಕಡೆಯವನೇ. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಆಸ್ತಿ ಪಾಲಾಯಿತು. 1974ರ ಭೂಸುಧಾರಣೆಯಲ್ಲಿ ಗದ್ದೆ ಒಕ್ಕಲಿನವರಿಗೆ ಹೋಯಿತು. ಬೆವರು ಸುರಿಸಿದವರಿಗೆ ಸಿಕ್ಕಿತು, ಅದು ನ್ಯಾಯವೇ. ನಾಗ ಮಾತ್ರ ಪಾಲಾಗಲಿಲ್ಲ. ಮುಂಬೈಯವರು, ಮಸ್ಕತ್‌ನವರು, ವರ್ಷಗಳಿಂದ ಮಾತು ಬಿಟ್ಟ ಅಣ್ಣತಮ್ಮಂದಿರು, ಎಲ್ಲರೂ ಪಂಚಮಿಗೆ ಅದೇ ಕಲ್ಲಿನ ಮುಂದೆ ಕೈ ಮುಗಿಯುತ್ತಾರೆ.

ಒಂದು ಬೇಸರ ಹೇಳಲೇಬೇಕು. ಈಗ ಎಷ್ಟೋ ಕಡೆ ಸುರಗಿ, ರೆಂಜದ ಮರ ಕಡಿದು, ಬನಕ್ಕೆ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸುತ್ತಾರೆ. ಜೀರ್ಣೋದ್ಧಾರ ಅಂತಾರೆ. ನೆರಳಿಲ್ಲ, ತರಗೆಲೆಯಿಲ್ಲ, ಹುತ್ತವಿಲ್ಲ. ನಾಗ ಎಲ್ಲಿ ಇರಬೇಕು ಹೇಳಿ? ದುಡ್ಡು ಜಾಸ್ತಿ ಇದ್ದರೆ ನಾಲ್ಕು ಗಿಡ ನೆಡಿ. ಸುಮ್ನೆ ಬಿಟ್ಟರೂ ಸಾಕು, ಬನ ತಾನೇ ಬೆಳೆಯುತ್ತದೆ. ನಮ್ಮ ಬನದಲ್ಲಿ ಮರಗಳು ಇನ್ನೂ ಇವೆ, ನಾಗನ ದಯೆ.

ಹೊರಡುವಾಗ ಮಾಮಿ ಹಿತ್ತಲಿನಿಂದ ಒಂದು ಕಟ್ಟು ಅರಿಶಿನ ಎಲೆ ಕೊಯ್ದು ಕೊಟ್ಟರು. ಸಂಜೆ ಮಗಳೇ ಕೂತು ಹಿಟ್ಟು ಹಚ್ಚಿದಳು. ಸ್ವಲ್ಪ ದಪ್ಪ ಆಯಿತು. ಹಬೆ ಏಳುತ್ತಿದ್ದ ಹಾಗೆ ಮನೆಯಿಡೀ ಅಜ್ಜಿಯ ಕೈಯ ವಾಸನೆ.