ಮಾರಿಯೋ ಈಗಲೂ ಅಷ್ಟು ಚೆನ್ನಾಗಿದೆಯೇ?

ಚಿಕ್ಕಂದಿನಲ್ಲಿ ಆಡುತ್ತಿದ್ದ ಸೂಪರ್ ಮಾರಿಯೋ ಬ್ರದರ್ಸ್ ಎಂಬ ವೀಡಿಯೋ ಆಟವನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಹಿಡಿದು ಕೊನೆಯವರೆಗೂ ಆಡಿದೆ ಎಂದಾಗಲೆಲ್ಲ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಆ ಆಟ ನಿಜಕ್ಕೂ ಅಷ್ಟು ಚೆನ್ನಾಗಿದೆಯೇ, ಇಲ್ಲ ಹಳೆಯ ನೆನಪು ಅದನ್ನು ಚೆನ್ನಾಗಿ ಕಾಣಿಸುತ್ತಿದೆಯೇ? ಪ್ರಶ್ನೆ ನ್ಯಾಯವಾದದ್ದೇ. ಕೋಜಿ ಕೊಂಡೋ ಕೂಡಿಸಿದ ಆ ಸಂಗೀತದ ಮೊದಲ ನಾಲ್ಕು ಸ್ವರ ಕಿವಿಗೆ ಬಿದ್ದ ಕೂಡಲೇ ಮನಸ್ಸು ಕರಗುವ ನನ್ನಂಥವನ ತೀರ್ಪನ್ನು ಬೇರೆಯವರು ಏಕೆ ನಂಬಬೇಕು? ಆದರೆ ನೆನಪನ್ನು ಬದಿಗಿಟ್ಟು ಆಟವನ್ನು ಪರೀಕ್ಷಿಸುವ ದಾರಿಯೊಂದು ಆ ಆಟದೊಳಗೇ ಇತ್ತು. ಅದು ನನಗೆ ಸಿಕ್ಕಿದ್ದು ಕಾಲು ಜಾರಿದ್ದರಿಂದ.

1985ರಲ್ಲಿ ನಿಂಟೆಂಡೋ ಹೊರತಂದ ಈ ಆಟದಲ್ಲಿ ಎಂಟು ಲೋಕಗಳು, ಲೋಕಕ್ಕೆ ನಾಲ್ಕರಂತೆ 32 ಲೆವೆಲ್‌ಗಳು. ನನಗೆ ಆಟ ಕಲಿಸಿದ ಅಣ್ಣ ಮೊದಲ ದಿನವೇ ಒಳದಾರಿಯನ್ನೂ ಕಲಿಸಿಬಿಟ್ಟಿದ್ದ. 1-2ರ, ಅಂದರೆ ಮೊದಲ ಲೋಕದ ಎರಡನೆಯ ಲೆವೆಲ್‌ನ, ನೆಲಮಾಳಿಗೆಯ ಕೊನೆಯಲ್ಲಿ ಲಿಫ್ಟ್ ಹತ್ತಿ, ಚಾವಣಿಯ ಇಟ್ಟಿಗೆಗಳ ಮೇಲೆ ಓಡುತ್ತಾ ಹೊರಹೋಗುವ ಪೈಪನ್ನು ದಾಟಿದರೆ ಇನ್ನು ಮೂರು ಪೈಪುಗಳು ಕಾಣುತ್ತವೆ. ಅವುಗಳಲ್ಲಿ ಒಂದರೊಳಗೆ ಇಳಿದರೆ ನೇರವಾಗಿ ನಾಲ್ಕನೆಯ ಲೋಕ. ಅಲ್ಲಿ 4-2ರಲ್ಲಿ, ಕಣ್ಣಿಗೆ ಕಾಣದ ಇಟ್ಟಿಗೆಗಳನ್ನು ಕೆಳಗಿನಿಂದ ಗುದ್ದಿ ಮೆಟ್ಟಿಲು ಮಾಡಿಕೊಂಡು, ಮೇಲಿನ ಒಂದು ಇಟ್ಟಿಗೆಯನ್ನು ಗುದ್ದಿದರೆ ಬಳ್ಳಿಯೊಂದು ಬೆಳೆಯುತ್ತದೆ. ಅದನ್ನು ಹತ್ತಿ ಹೋದರೆ ಎಂಟನೆಯ ಲೋಕಕ್ಕೆ ಹೋಗುವ ಪೈಪು. ಈ ದಾರಿಯಲ್ಲಿ ಎಂಟೇ ಲೆವೆಲ್‌ಗಳಲ್ಲಿ ಆಟ ಮುಗಿಯುತ್ತದೆ. ನಾನು ಮಾತ್ರ ಒಂದು ಸಲವೂ 8-2 ದಾಟಿರಲಿಲ್ಲ. ಅಂದರೆ, ಇಡೀ ಬಾಲ್ಯವನ್ನು ತುಂಬಿಕೊಂಡಿದೆ ಎಂದು ನಾನು ನಂಬಿದ್ದ ಆ ಆಟದಲ್ಲಿ ನಾನು ಕಂಡಿದ್ದು ಆರು ಲೆವೆಲ್ ಮಾತ್ರ. ಉಳಿದ 26ರ ಬಗ್ಗೆ ನನಗೆ ಯಾವ ನೆನಪೂ ಇರಲಿಲ್ಲ.

ಈ ಸಲ ಅದೇ ಲಿಫ್ಟಿನಿಂದ ಚಾವಣಿಗೆ ಹಾರಲು ಹೋಗಿ, ಜಾರಿ, ಕೆಳಗೆ ಪೈಪಿನ ಪಕ್ಕದಲ್ಲಿ ನಿಂತೆ. ಹೋಗಲಿ ಎಂದು ಅದರೊಳಗೇ ನುಗ್ಗಿದೆ. ಸ್ವಲ್ಪ ಹೊತ್ತಿನಲ್ಲೇ 1-3 ತೆರೆದುಕೊಂಡಿತು: ಕಾಲೂರಲು ನೆಲವೇ ಇಲ್ಲ, ಮರಗಳ ಹಸಿರು ನೆತ್ತಿಗಳು ಮಾತ್ರ, ಅವುಗಳ ನಡುವೆ ತೇಲುವ ಹಲಗೆಗಳು, ಅಂಚಿಗೆ ಬಂದ ಕೂಡಲೇ ಹಿಂದಿರುಗುವ ಕೆಂಪು ಆಮೆಗಳು. ಮೊದಲ ಲೋಕದ ಮೂರನೆಯ ಲೆವೆಲ್, ಅದನ್ನು ನಾನು ಅಂದೇ ಮೊದಲ ಬಾರಿಗೆ ನೋಡುತ್ತಿದ್ದೆ. 1-1 ಎಷ್ಟೇ ಚೆನ್ನಾಗಿ ಕಂಡರೂ ಅದರ ವಿಷಯದಲ್ಲಿ ನನ್ನ ಸಾಕ್ಷ್ಯ ನಡೆಯುವುದಿಲ್ಲ. 1-3ರ ವಿಷಯದಲ್ಲಿ ನಡೆಯುತ್ತದೆ. ಅಂದಿನಿಂದ ಒಳದಾರಿಗಳನ್ನು ಬಿಟ್ಟು, ಒಂದೊಂದೇ ಲೆವೆಲ್ ದಾಟುತ್ತಾ ಹೋದೆ.

ಮೊದಲ ದಿನ ಎಲ್ಲ ಹಳ್ಳಗಳಿಗೂ ಬಿದ್ದೆ. ವಯಸ್ಸಾಯಿತು, ಬೆರಳು ಮಂದವಾಯಿತು ಎಂದುಕೊಂಡೆ. ಆಮೇಲೆ ತಿಳಿಯಿತು, ತಪ್ಪು ಬೆರಳಿನದಲ್ಲ, ಟಿವಿಯದು. ಈ ಆಟ ಸೆಕೆಂಡಿಗೆ ಸುಮಾರು 60 ಚಿತ್ರಗಳ ಲೆಕ್ಕದಲ್ಲಿ ನಡೆಯುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಬಂದ ಚಿತ್ರವನ್ನು ಬಂದ ಹಾಗೆಯೇ ತೋರಿಸುತ್ತಿತ್ತು. ಈಗಿನವು ಅದನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಕೆಲವು ಚಿತ್ರಗಳಷ್ಟು ಹೊತ್ತು ಕಳೆದಿರುತ್ತದೆ, ಅಂಚಿನಲ್ಲಿ ಹಾರುವವನಿಗೆ ಅಷ್ಟು ತಡವಾದರೆ ಮುಗಿಯಿತು. ಟಿವಿಯ ಸೆಟ್ಟಿಂಗ್‌ನಲ್ಲಿ ಈ ತಡವನ್ನು ಕಡಿಮೆ ಮಾಡುವ ಗೇಮ್ ಮೋಡ್ ಹಾಕಿದ ಮೇಲೆ ಕೈ ಮೊದಲಿನಂತಾಯಿತು. ಹಳೆಯ ಆಟ ಒರಟಾಗಿದೆ ಎಂದು ಒಂದೇ ಸಂಜೆಯಲ್ಲಿ ಕೈಬಿಟ್ಟವರು ದಯವಿಟ್ಟು ಇದೊಂದನ್ನು ನೋಡಿ.

ಈ ಆಟದ ಜೀವ ಇರುವುದು ಹಾರುವುದರಲ್ಲಿ. ಹೆಬ್ಬೆರಳನ್ನು ಕಂಟ್ರೋಲರಿನ ಎ ಮತ್ತು ಬಿ ಎಂಬ ಎರಡು ಬಟನ್‌ಗಳ ಮೇಲೆ ಅಡ್ಡಲಾಗಿ ಇಡಬೇಕು. ಬೆರಳ ತುದಿ ಬಿ ಬಟನ್ ಅನ್ನು ಒತ್ತಿ ಹಿಡಿದಿರುತ್ತದೆ, ಆದ್ದರಿಂದ ಮಾರಿಯೋ ಓಡುತ್ತಿರುತ್ತಾನೆ. ಬೆರಳನ್ನು ಎತ್ತದೆ, ಗೆಣ್ಣಿನ ಭಾಗವನ್ನು ಮಾತ್ರ ಬಗ್ಗಿಸಿದರೆ ಎ ಒತ್ತಿಕೊಂಡು ಅವನು ಹಾರುತ್ತಾನೆ. ಎ ಅನ್ನು ತಟ್ಟಿ ಬಿಟ್ಟರೆ ಸಣ್ಣ ನೆಗೆತ, ಹಿಡಿದೇ ಇದ್ದರೆ ದೊಡ್ಡ ನೆಗೆತ. ಗಾಳಿಯಲ್ಲಿದ್ದಾಗಲೂ ಎಡಬಲಕ್ಕೆ ಒಂದಿಷ್ಟು ಎಳೆದು ತಪ್ಪನ್ನು ತಿದ್ದಿಕೊಳ್ಳಬಹುದು, ಆದರೆ ಓಟದ ರಭಸವನ್ನು ಪೂರ್ತಿಯಾಗಿ ಅಳಿಸಲಾಗುವುದಿಲ್ಲ. ಹೀಗಾಗಿ ಪ್ರತಿಯೊಂದು ನೆಗೆತವೂ ನೆಲ ಬಿಡುವ ಮೊದಲು ತೆಗೆದುಕೊಂಡ ಒಂದು ನಿರ್ಧಾರ ಮತ್ತು ಬಿಟ್ಟ ಮೇಲೆ ಮಾಡುವ ಸಣ್ಣ ತಿದ್ದುಪಡಿ, ಇವೆರಡೂ ಸೇರಿ ಆಗುತ್ತದೆ. ಎಂದೂ ನೋಡಿರದ ಲೆವೆಲ್‌ನಲ್ಲಿ ಎದುರಿಗೆ ಏನು ಬರುತ್ತದೆಂದು ತಿಳಿಯದೆ ಓಡುತ್ತಿದ್ದಾಗಲೂ, ಸತ್ತ ಪ್ರತಿ ಬಾರಿಯೂ ನಾನು ಎಲ್ಲಿ ತಪ್ಪಿದೆನೆಂದು ನನಗೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಇದನ್ನು ಮಾಡಿದ್ದು ಯಾವ ನೆನಪೂ ಅಲ್ಲ. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಮತ್ತು ಅವರ ಜೊತೆಗಾರರು ಅಷ್ಟು ಜೋಪಾನವಾಗಿ ಕಟ್ಟಿದ ಕೆಲಸ.

ಕೊರತೆ ಇಲ್ಲವೆಂದಲ್ಲ. ಐದನೆಯ ಲೋಕಕ್ಕೆ ಬಂದಾಗ 5-3 ಎಲ್ಲೋ ನೋಡಿದಂತಿದೆ ಎನಿಸಿತು. ಅದು 1-3ರ ನಕ್ಷೆಯೇ, ತೇಲುವ ಹಲಗೆಗಳು ಗಿಡ್ಡವಾಗಿವೆ, ಗುಂಡುಗಳು ಹಾರಿಬರುತ್ತವೆ, ಅಷ್ಟೇ. ಹಾಗೆಯೇ 5-4 ಎಂದರೆ 2-4, 6-4 ಎಂದರೆ 1-4, 7-2 ಮತ್ತು 7-3 ಎಂದರೆ 2-2 ಮತ್ತು 2-3. ಇಡೀ ಆಟ 40 ಕಿಲೋಬೈಟ್‌ಗಳಲ್ಲಿ ಅಡಗಬೇಕಿತ್ತು. ಆಕಾಶದ ಬಿಳಿ ಮೋಡ ಮತ್ತು ನೆಲದ ಹಸಿರು ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಕಾರಣ ತಿಳಿದ ಮೇಲೂ 7-2ರ ನೀರಿನಲ್ಲಿ ಮತ್ತೆ ಈಜುವಾಗ ನನಗೆ ಬೇಸರವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ 6-3ರಲ್ಲಿ ಬಣ್ಣವೆಲ್ಲ ಬಸಿದುಹೋಗಿ ಮರಗಳು ಬೂದಿ ಬಿಳುಪಾಗಿ ನಿಂತಿದ್ದು ಕಂಡಾಗ, ಇದನ್ನು ಹತ್ತು ವರ್ಷದವನಾಗಿದ್ದಾಗಲೇ ನೋಡಬೇಕಿತ್ತು ಎಂದು ನಿಜವಾಗಿಯೂ ಹೊಟ್ಟೆ ಉರಿಯಿತು.

ನೆನಪು ಮೋಸ ಮಾಡಿದ್ದು ಬೇರೆ ಕಡೆ. ಲೆವೆಲ್‌ಗಳು ಬಹಳ ಉದ್ದ ಎಂದು ನಾನು ತಿಳಿದಿದ್ದೆ. ಮೇಲಿನ ಮೂಲೆಯಲ್ಲಿ 400ರಿಂದ ಇಳಿಯುವ ಸಂಖ್ಯೆಯನ್ನು ಸೆಕೆಂಡುಗಳೆಂದೇ ನಂಬಿದ್ದೆ. ಒಂದೊಂದು ಎಣಿಕೆಗೂ ಸುಮಾರು 0.4 ಸೆಕೆಂಡು, ಎಲ್ಲ ಸೇರಿದರೆ ಎರಡು ನಿಮಿಷ 40 ಸೆಕೆಂಡು ಮಾತ್ರ. ಎಣಿಕೆ 100ಕ್ಕೆ ಇಳಿದು ಸಂಗೀತ ಚುರುಕಾದಾಗ ಎದೆ ಹೊಡೆದುಕೊಳ್ಳುವುದು ಮಾತ್ರ ಆಗಿನಂತೆಯೇ ಇದೆ.

ಹಾಗಾಗಿ ನನ್ನ ಉತ್ತರ: ಹೌದು, ಚೆನ್ನಾಗಿದೆ, ನಾನು ನೋಡದೇ ಬಿಟ್ಟಿದ್ದ ಕಡೆಯಲ್ಲೂ ಚೆನ್ನಾಗಿದೆ. ನೀವೂ ಮತ್ತೆ ಆಡುವುದಾದರೆ, ಹೊಸ ಯಂತ್ರಗಳಲ್ಲಿ ಸಿಗುವ, ತಪ್ಪಿದ ಕೂಡಲೇ ಆಟವನ್ನು ಹಿಂದಕ್ಕೆ ಸುತ್ತುವ ಸೌಲಭ್ಯವನ್ನು ಬಳಸಬೇಡಿ. ಬೀಳುವ ಭಯವಿಲ್ಲದಿದ್ದರೆ ನಾನು ಮೇಲೆ ಹೇಳಿದ ನೆಗೆತಕ್ಕೆ ಅರ್ಥ ಉಳಿಯುವುದಿಲ್ಲ. ಎಲ್ಲ ಜೀವಗಳೂ ಮುಗಿದರೆ, ಮೊದಲ ಪರದೆಯಲ್ಲಿ ಎ ಹಿಡಿದುಕೊಂಡು ಸ್ಟಾರ್ಟ್ ಒತ್ತಿ, ಸತ್ತ ಲೋಕದ ಆರಂಭದಿಂದ ಮತ್ತೆ ಹೊರಡಬಹುದು. ಇದು ಮೂಲ ಆಟದಲ್ಲೇ ಇದ್ದದ್ದು, ನನಗೆ ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನು 1-2ರ ಕೊನೆಯಲ್ಲಿ ಆ ಲಿಫ್ಟ್ ಬಂದಾಗ ಚಾವಣಿಯ ಕಡೆ ನೋಡಬೇಡಿ, ಎದುರಿಗಿರುವ ಪೈಪಿನೊಳಗೆ ಹೋಗಿ.