ಮಲ್ಪೆಯ ಶೆಡ್‌ನ ಮಾಡು ಒಳಗಿನಿಂದ ತುಕ್ಕು ಹಿಡಿದಾಗ

ಮಲ್ಪೆ ಬಂದರಿನ ಹತ್ತಿರ ಮೀನು ಪ್ಯಾಕ್ ಮಾಡುವ ಒಂದು ಶೆಡ್ ಇದೆ. ಅದರ ಮಾಡು, ಅಂದರೆ ಛಾವಣಿ, ಹಾಕಿದ್ದು ನಾನು. ಎರಡನೇ ಮಳೆಗಾಲ ಮುಗಿದ ಮೇಲೆ ಅಲ್ಲಿಯ ದಣಿಗಳ ಫೋನ್ ಬಂತು. "ಮಾರಾಯ, ಕ್ರೇಟಿನ ಮೇಲೆಲ್ಲ ಕೆಂಪು ಹುಡಿ ಬೀಳ್ತಾ ಉಂಟು. ಒಮ್ಮೆ ಬಂದು ನೋಡು" ಎಂದರು.

ಹೋದವನೇ ಏಣಿ ಇಟ್ಟು ಮೇಲೆ ಹತ್ತಿದೆ. ಶೀಟಿನ ನೀಲಿ ಬಣ್ಣ ಹಾಕಿದ ದಿನದ ಹಾಗೇ ಇತ್ತು. ಸ್ಕ್ರೂಗಳ ತಲೆ ಮಾತ್ರ ಕಂದಾಗಿತ್ತು. ಆಮೇಲೆ ಕೆಳಗಿಳಿದು ಒಳಗಿನಿಂದ ಟಾರ್ಚ್ ಬಿಟ್ಟು ನೋಡಿದೆ. ಎದೆ ಧಸಕ್ಕೆಂದಿತು. ಶೀಟನ್ನು ಹೊರುವ ಕಬ್ಬಿಣದ ಅಡ್ಡ ತೊಲೆಗೆ, ಅಂದರೆ ಪರ್ಲಿನ್‌ಗೆ, ತಾಗುವ ಕಡೆಯೆಲ್ಲ ಬಣ್ಣ ಉಬ್ಬಿ ಏಳುತ್ತಿತ್ತು. ಕೆಲವು ಕಡೆ ಬೆರಳಲ್ಲಿ ಒತ್ತಿದರೆ ತುಕ್ಕು ಪದರ ಪದರವಾಗಿ ಉದುರುತ್ತಿತ್ತು.

ಮಳೆ ಹೊರಗೆ ಸುರಿಯುತ್ತದೆ, ಶೀಟು ಒಳಗಿನಿಂದ ಯಾಕೆ ಹಾಳಾಯಿತು? ಎರಡು ದಿನ ತಲೆ ಕೆಡಿಸಿಕೊಂಡೆ. ಉತ್ತರ ಗೊತ್ತಾದ ಮೇಲೆ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು.

ಕಡಲ ಗಾಳಿಯಲ್ಲಿ ಉಪ್ಪು ಇರುತ್ತದೆ. ಅದು ಶೀಟಿನ ಮೇಲೂ ಕೂರುತ್ತದೆ, ಒಳಗೂ ಕೂರುತ್ತದೆ. ಮೇಲೆ ಕೂತದ್ದನ್ನು ನಮ್ಮ ಮಳೆ ತೊಳೆದುಬಿಡುತ್ತದೆ. ಈ ಕಡೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಸುಮ್ನೆ ಅಲ್ಲ. ಆದರೆ ಒಳಮೈಗೆ, ಸೂರಿನ ಅಡಿಗೆ ಆ ನೀರು ಮುಟ್ಟುವುದೇ ಇಲ್ಲ. ಉಪ್ಪು ಅಲ್ಲೇ ಉಳಿಯುತ್ತದೆ. ಸಾಲದ್ದಕ್ಕೆ ಆ ಶೆಡ್‌ನಲ್ಲಿ ಬೆಳಗಿನಿಂದ ಸಂಜೆವರೆಗೆ ಐಸ್ ಪುಡಿ ಮಾಡುತ್ತಾರೆ, ಮೀನು ತೊಳೆಯುತ್ತಾರೆ. ಒಳಗೆ ಯಾವಾಗಲೂ ತೇವ. ಆ ತೇವ ಮಾಡಿಗೆ ತಾಗಿ ಹನಿಯಾಗಿ, ಉಪ್ಪನ್ನು ಕರಗಿಸಿಕೊಂಡು ಪರ್ಲಿನ್ ಸಂದಿಗೆ ಇಳಿದು ನಿಲ್ಲುತ್ತದೆ. ಕಲರ್ ಶೀಟಿನ ಒಳಗಿನ ಬಣ್ಣವಂತೂ ಹೊರಗಿನದಕ್ಕಿಂತ ತೆಳು. ಮೇಲಿನಿಂದ ನೋಡುವವರಿಗೆ ಇದ್ಯಾವುದೂ ಕಾಣುವುದಿಲ್ಲ.

ತಪ್ಪು ನನ್ನದೇ. ಎಷ್ಟು ಚದರಡಿ, ಯಾವ ಬಣ್ಣ, ಬಜೆಟ್ ಎಷ್ಟು ಎಂದು ಕೇಳಿದ್ದೆ. ಒಳಗೆ ಎಂತ ಕೆಲಸ ನಡೆಯುತ್ತದೆ ಎಂದು ಕೇಳಿರಲಿಲ್ಲ. ಊರೊಳಗಿನ ಅಂಗಡಿಗೆ ಹಾಕುವ ಮಾಮೂಲಿ ಜಿಂಕ್ ಲೇಪದ ಕಲರ್ ಶೀಟು, ಅದಕ್ಕೆ ಮಾಮೂಲಿ ಜಿಂಕ್ ಸ್ಕ್ರೂ ಹಾಕಿ ಬಂದಿದ್ದೆ.

ಸರಿ ಮಾಡುವುದೂ ಸುಲಭ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ಶೆಡ್ ಖಾಲಿ. ಆದರೆ ಜಡಿಮಳೆಯಲ್ಲಿ ಮಾಡು ಬಿಚ್ಚಲು ಆಗುತ್ತದಾ? ಮಳೆ ಇಲ್ಲದ ತಿಂಗಳಲ್ಲಿ ಅವರಿಗೆ ಒಂದು ದಿನವೂ ಬಿಡುವಿಲ್ಲ. ಕೊನೆಗೆ ಏಪ್ರಿಲ್‌ನಲ್ಲಿ ಅರ್ಧ ಅರ್ಧ ಮಾಡಿ ಬಿಚ್ಚಿದೆವು. ಮಳೆಗಾಲಕ್ಕೆ ಮೊದಲು, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಸಲೇಬೇಕು ಎಂದು ಹುಡುಗರು ಭಾನುವಾರವೂ ಬಂದರು. ಅವರ ಆ ಶ್ರಮವನ್ನು ನಾನು ಮರೆಯುವುದಿಲ್ಲ.

ಈ ಸಲ ಅಲ್ಯೂಮಿನಿಯಂ ಶೀಟು ಹಾಕಿದೆವು. ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಸ್ಕ್ರೂ ಉಪ್ಪಿಗೆ ಚೆನ್ನಾಗಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಕಬ್ಬಿಣದ ಪರ್ಲಿನ್‌ಗೆ ಅಲ್ಯೂಮಿನಿಯಂ ನೇರವಾಗಿ ತಾಗಿದರೆ, ಉಪ್ಪುನೀರು ಸಿಕ್ಕಿದ ಕೂಡಲೇ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಅದಕ್ಕೆ ನಡುವೆ ಟೇಪ್ ಅಂಟಿಸಿದೆವು. ಇನ್ನೊಂದು ವಿಷಯ. ಅಲ್ಯೂಮಿನಿಯಂ ಬಿಸಿಲಿಗೆ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 12 ಮೀಟರ್ ಉದ್ದದ ಶೀಟು 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 11 ಮಿಲಿಮೀಟರ್ ಉದ್ದವಾಗುತ್ತದೆ. ಸ್ಕ್ರೂವಿನ ತೂತು ಬಿಗಿಯಾಗಿದ್ದರೆ ಅಲ್ಲೇ ಹರಿದು ಸೋರಲು ಶುರು. ತೂತನ್ನು ಸ್ವಲ್ಪ ದೊಡ್ಡದಾಗಿಯೇ ಕೊರೆದು ಅಗಲದ ರಬ್ಬರ್ ವಾಷರ್ ಹಾಕಿದೆವು.

ಎಲ್ಲ ಕಡೆಗೂ ಅಲ್ಯೂಮಿನಿಯಂ ಬೇಕು ಎಂದು ನಾನು ಹೇಳುವುದಿಲ್ಲ. ಅದು ದುಬಾರಿ. ಕಡಲಿನಿಂದ ದೂರದ ಒಣ ಗೋಡೌನ್‌ಗೆ ಅಲ್ಯೂಮಿನಿಯಂ-ಜಿಂಕ್ ಲೇಪದ ಉಕ್ಕಿನ ಶೀಟು ಧಾರಾಳ ಸಾಕು. ಆ ಲೇಪದಲ್ಲಿ 55 ಶೇಕಡ ಅಲ್ಯೂಮಿನಿಯಂ ಇರುತ್ತದೆ. ಎರಡೂ ಬದಿ ಸೇರಿ ಚದರ ಮೀಟರ್‌ಗೆ 150 ಗ್ರಾಂ ಲೇಪ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. 0.5 ಮಿಲಿಮೀಟರ್ ಎಂದರೆ ಬರಿ ಉಕ್ಕಿನ ದಪ್ಪವೋ, ಬಣ್ಣ ಲೇಪ ಎಲ್ಲ ಸೇರಿಯೋ ಎಂದು ಬಿಲ್ ಆಗುವ ಮೊದಲೇ ಕೇಳಿ. ಮತ್ತೆ ದಯವಿಟ್ಟು ಮಾಡಿನ ಮೇಲೆ ಗ್ರೈಂಡರ್ ಹಿಡಿದು ಶೀಟು ಕತ್ತರಿಸಲು ಬಿಡಬೇಡಿ. ಹಾರುವ ಬಿಸಿ ಕಬ್ಬಿಣದ ಹುಡಿ ಬಣ್ಣಕ್ಕೆ ಅಂಟಿ, ಒಂದೇ ಮಳೆಗೆ ತುಕ್ಕಿನ ಚುಕ್ಕಿ ಏಳುತ್ತದೆ.

ಹಾಲ್ ಅಥವಾ ಕೋಚಿಂಗ್ ಸೆಂಟರ್ ಆದರೆ ಲೆಕ್ಕವೇ ಬೇರೆ. ಆಟಿ ತಿಂಗಳ ಜಡಿಮಳೆ ಬರಿ ಶೀಟಿನ ಮೇಲೆ ಬಿದ್ದರೆ ಪಾಠ ಮಾಡುವವರ ಮಾತು ಎದುರಿನ ಬೆಂಚಿಗೂ ಕೇಳುವುದಿಲ್ಲ. ಅಲ್ಲಿ ನಡುವೆ ಫೋಮ್ ಇರುವ ಪ್ಯಾನೆಲ್ ಹಾಕಿದರೆ ಸದ್ದೂ ಕಡಿಮೆ, ಸೆಕೆಯೂ ಕಡಿಮೆ.

ಹಂಚಿನ ಬಗ್ಗೆ ಜನ ತುಂಬ ಕೇಳುತ್ತಾರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ನಂಬಿ. ಸುಟ್ಟ ಮಣ್ಣಿಗೆ ತುಕ್ಕು ಎಲ್ಲಿಂದ ಬರಬೇಕು? ಸಣ್ಣ ಹೋಟೆಲ್, ಬಟ್ಟೆ ಅಂಗಡಿಗೆ ನನಗೆ ಈಗಲೂ ಹಂಚೇ ಇಷ್ಟ. ಆದರೆ ಒಂದೊಂದು ಹಂಚು ಎರಡು ಕೆಜಿಗೂ ಜಾಸ್ತಿ ತೂಗುತ್ತದೆ, ಮಾಡು ಚೆನ್ನಾಗಿ ಇಳಿಜಾರು ಇರಬೇಕು, ಹಂಚನ್ನು ಹೊರುವ ಮರದ ಪಕ್ಕಾಸು, ರೀಪು ಗಟ್ಟಿ ಇರಬೇಕು. ನಡುವೆ ಕಂಬ ಇಲ್ಲದ ದೊಡ್ಡ ಗೋಡೌನ್‌ಗೆ ಅದು ಆಗದು.

ಈಗ ರೇಟು ಹೇಳುವ ಮೊದಲು ಜಾಗಕ್ಕೆ ಹೋಗಿ ಅಕ್ಕಪಕ್ಕದ ಕಟ್ಟಡ ನೋಡುತ್ತೇನೆ. ಕಿಟಕಿಯ ಗ್ರಿಲ್, ಗೇಟಿನ ತಿರುಗಣೆ, ಎಸಿಯ ಹೊರಗಿನ ಪೆಟ್ಟಿಗೆ ಹಿಡಿದಿರುವ ಬ್ರಾಕೆಟ್. ಯಾವಾಗ ಹಾಕಿದ್ದು ಎಂದು ಅಲ್ಲಿಯವರನ್ನೇ ಕೇಳುತ್ತೇನೆ. ಎರಡು ವರ್ಷದ ಗ್ರಿಲ್ ಪುಡಿಯಾಗುತ್ತಿದ್ದರೆ ಅಲ್ಲಿ ಮಾಮೂಲಿ ಶೀಟಿನ ಮಾತೇ ಎತ್ತುವುದಿಲ್ಲ. ಮತ್ತೆ ಒಳಗೆ ಹೋಗಿ ಮೂಸಿ ನೋಡುತ್ತೇನೆ. ಉಪ್ಪು, ಐಸು, ಗೊಬ್ಬರ, ಬ್ಯಾಟರಿ, ಏನಿದ್ದರೂ ಮೂಗಿಗೆ ಮೊದಲು ಗೊತ್ತಾಗುತ್ತದೆ.

ಮಲ್ಪೆಯ ದಣಿಗಳು ಈಗ ಶೆಡ್‌ನೊಳಗೆ ಮಾಡಿನವರೆಗೆ ಒಂದು ಸಿಹಿನೀರಿನ ಪೈಪ್ ಎಳೆಸಿದ್ದಾರೆ. ಮೀನುಗಾರಿಕೆಗೆ ರಜೆ ಬಿದ್ದ ಮೊದಲ ವಾರ ಕ್ರೇಟೆಲ್ಲ ಹೊರಗಿಟ್ಟು, ಮಾಡಿನ ಒಳಮೈಯನ್ನು ಆ ನೀರಿನಲ್ಲಿ ತೊಳೆಸುತ್ತಾರೆ. ಕಳೆದ ಸಲ ನಾನೂ ಹೋಗಿದ್ದೆ. ಗೋಡೆಗುಂಟ ಇಳಿದ ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿದೆ. ಉಪ್ಪುಪ್ಪಾಗಿತ್ತು.